ಗೊಂಬೆ ಏಳಬಾರದು

ಕೂತಲ್ಲಿ ಕೂರದವಳು ಎಂಬ ಬಿರುದು ನಮ್ಮ ವೃಂದಾಗೆ ಸಿಕ್ಕಿದ್ದು ಅವಳು ಒಂದನೇ ಕ್ಲಾಸಿನಲ್ಲಿದ್ದಾಗ. ಮೂವತ್ತು ದಾಟಿದ ಮೇಲೂ ಅದನ್ನು ಯಾರೂ ವಾಪಸು ಪಡೆದಿಲ್ಲ. ಊಟಕ್ಕೆ ಕೂತರೆ ಸಾರು ಬರುವುದರೊಳಗೆ ಎದ್ದು ಫ್ಯಾನಿನ ಸ್ವಿಚ್ಚು ನೋಡಿ ಬರುತ್ತಾಳೆ. ಫೋನಿನಲ್ಲಿ ಮಾತಾಡುವಾಗ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ನೆಲ ಅಳೆಯುತ್ತಾಳೆ. ಅಂಥವಳು ಆರಿಸಿಕೊಂಡ ಕಸುಬು ಶಿಲ್ಪ, ಅಂದರೆ ಕದಲದ ವಸ್ತುಗಳ ತಯಾರಿ. ಅದೂ ಇತ್ತೀಚೆಗೆ ಬರೀ ತನ್ನದೇ ಪ್ರತಿಮೆ.

ನಾನು ಅವಳ ಸೋದರಮಾವ ಕಿಟ್ಟು. ಮೈಲಾಪೂರಿನ ಈ ಹಳೇ ಫ್ಲ್ಯಾಟುಗಳಲ್ಲಿ ಅವರದು ಕೆಳಗಿನ ಮನೆ, ನನ್ನದು ಮೇಲಿನದು. ವಿಮಾ ಕಂಪನಿಯಲ್ಲಿ ಕೂತು ಇಡೀ ಆಯುಷ್ಯ ಮನುಷ್ಯರ ಕೈಕಾಲುಗಳಿಗೆ ಬೆಲೆ ಕಟ್ಟಿದವನಿಗೆ, ತನ್ನ ಕೈಕಾಲುಗಳನ್ನೇ ಮತ್ತೆ ಮತ್ತೆ ಮಾಡಿಕೊಳ್ಳುವ ಅಕ್ಕನ ಮಗಳು ಸ್ವಾರಸ್ಯವಾಗಿ ಕಂಡರೆ ಆಶ್ಚರ್ಯವಿಲ್ಲ.

ಕ್ರೋಂಪೇಟೆಯಲ್ಲಿ ಮುಚ್ಚಿಹೋದ ಚರ್ಮದ ಕಾರ್ಖಾನೆಯೊಂದರ ಹಿಂಬದಿಯ ಶೆಡ್ಡು ಅವಳ ಕೆಲಸದ ಜಾಗ. ಅಲ್ಲಿ ಮೊದಲು ಆದದ್ದು ಏಳಡಿ ಎತ್ತರದ ವೃಂದಾ. ಹದ ಮಾಡಿದ ಚರ್ಮದ ಚೂರುಗಳನ್ನು ಹೊಲಿದು, ಒಳಗೆ ಏನನ್ನೂ ತುಂಬದೆ, ಬರೀ ತೊಗಲೇ ಎದ್ದು ನಿಂತ ಹೆಂಗಸು. ಲೋಕ ನೋಡುವುದು ಇಷ್ಟನ್ನೇ, ಆದ್ದರಿಂದ ಇಷ್ಟನ್ನೇ ಕಣ್ಣಿಗೆ ರಾಚುವಷ್ಟು ದೊಡ್ಡದು ಮಾಡಿದ್ದೇನೆ ಎಂಬುದು ಅವಳ ವಾದ. ನಮ್ಮ ಅಕ್ಕ ಲಕ್ಷ್ಮೀ ಅದನ್ನು ನೋಡಲು ಹೋಗಲಿಲ್ಲ. ಮಡಿ ಸೀರೆಯನ್ನು ಇವತ್ತಿಗೂ ಕೋಲಿನ ತುದಿಯಿಂದ ಎತ್ತಿ ಒಣಹಾಕುವ ಹೆಂಗಸು ಚರ್ಮ ನೋಡಲು ಲೋಕಲ್ ಟ್ರೈನ್ ಹತ್ತುವುದುಂಟೇ? ಮಗಳು ಬಾಗಿಲಿಗೆ ಬಂದ ಕೂಡಲೇ ಬಚ್ಚಲಿನ ಕಡೆ ಕೈ ತೋರಿಸುತ್ತಾಳೆ. ಕಲೆಯ ಬಗ್ಗೆ ತಾಯಿ ಮಗಳ ನಡುವೆ ನಡೆಯುವ ಚರ್ಚೆ ಅಷ್ಟೇ.

ಆಮೇಲೆ ಆದದ್ದು ಒಂದು ಗೇಣು ಎತ್ತರದ ವೃಂದಾ, ಮೇಣದ್ದು. ಭಾವ ಗುರುಚರಣ ಮಣಲಿಯ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದವರು. ನಿವೃತ್ತಿಯ ದಿನ ಎಲ್ಲರೂ ಬೆಳ್ಳಿ ಗಣಪತಿಯನ್ನು ಮನೆಗೆ ತಂದರೆ, ಇವರು ಅದರ ಜೊತೆಗೆ ಅಲ್ಲಿ ತಯಾರಾದ ಮೇಣದ ಒಂದು ಗಟ್ಟಿಯನ್ನೂ ತಂದು ಬೀರುವಿನ ಮೇಲಿಟ್ಟಿದ್ದರು. ಸ್ವಲ್ಪ ಹಳದಿ, ಸ್ವಲ್ಪ ಎಣ್ಣೆ ವಾಸನೆ. ಚಿಕ್ಕಂದಿನಲ್ಲಿ ಅಪ್ಪನ ಅಂಗಿಗೆ ಇದ್ದ ವಾಸನೆ ಅದು ಎಂದು ವೃಂದಾ ಒಂದು ದಿನ ಅದನ್ನು ಕೇಳಿ ಒಯ್ದಳು. ಕರಗಿಸಿ, ಅಚ್ಚಿಗೆ ಹೊಯ್ದು, ಆಮೇಲೆ ತಿಂಗಳುಗಟ್ಟಲೆ ಹೆಬ್ಬೆರಳಿನಿಂದಲೇ ತಿದ್ದಿದಳು. ಕಾಲು ಮಡಿಸಿ ಕೂತು, ಒಂದು ಕೈ ಕುತ್ತಿಗೆಯ ಹಿಂದಿಟ್ಟು, ಏಳಲೋ ಬೇಡವೋ ಎನ್ನುತ್ತಿರುವ ಹೆಂಗಸು. ಮೈಮೇಲೆ ಒಂದು ಎಳೆ ಬಟ್ಟೆ ಇಲ್ಲ.

ಆಳ್ವಾರ್‌ಪೇಟೆಯ ಒಂದು ಗ್ಯಾಲರಿಯಲ್ಲಿ ಕಲಾವಿದರ ಸ್ವಂತ ಪ್ರತಿಮೆಗಳದ್ದೇ ಪ್ರದರ್ಶನ ಏರ್ಪಾಡಾಗಿತ್ತು. ಅದರ ಕ್ಯುರೇಟರ್ ನಂದಿತಾ ಕ್ರೋಂಪೇಟೆಗೆ ಬಂದು ಎರಡನ್ನೂ ನೋಡಿ, ಏಳಡಿಯನ್ನು ಏಳೇ ನಿಮಿಷದಲ್ಲಿ ಬೇಡವೆಂದಳಂತೆ. ದೊಡ್ಡದು ನಮ್ಮನ್ನು ಹೆದರಿಸಿ ದೂರ ನಿಲ್ಲಿಸುತ್ತೆ, ಸಣ್ಣದಕ್ಕೆ ನಾವೇ ಬಗ್ಗಬೇಕು, ಬಗ್ಗಿದ ಮೇಲೆ ಏಳೋದು ಕಷ್ಟ ಎಂದು ಇಂಗ್ಲಿಷಿನಲ್ಲಿ ಹೇಳಿ ಮೇಣದ್ದನ್ನು ಆರಿಸಿದಳು. ಕಾಲೇಜು ಬಿಟ್ಟಂದಿನಿಂದ ವೃಂದಾ ಕಾದದ್ದು ಈ ಮಾತಿಗೆ. ಆ ಗೇಣುದ್ದದ್ದು ಗ್ಯಾಲರಿಯ ಪೀಠ ಏರಿದರೆ ಅವಳು ಶಿಲ್ಪಿ, ಇಲ್ಲದಿದ್ದರೆ ಇನ್ನೂ ಲಕ್ಷ್ಮಿಯ ಮಗಳು, ಏನೋ ಮಾಡ್ಕೊಂಡಿದ್ದಾಳೆ.

ಶುಕ್ರವಾರ ವ್ಯಾನು, ಶನಿವಾರ ಉದ್ಘಾಟನೆ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಇಡುವುದೆಲ್ಲಿ? ಶೆಡ್ಡಿಗೆ ತಗಡಿನ ಚಾವಣಿ, ಮಧ್ಯಾಹ್ನದ ಹೊತ್ತು ಅಲ್ಲಿ ಮೇಣ ಹಾಗಿರಲಿ, ಮನುಷ್ಯರೇ ಸೋಲುತ್ತಾರೆ. ಅವಳು ಅದನ್ನು ಮೆತ್ತನೆಯ ಹಳೇ ಪಂಚೆಯಲ್ಲಿ ಸುತ್ತಿ ಮೈಲಾಪೂರಿಗೆ ತಂದು, ದೇವರಮನೆಯ ಪಕ್ಕದ ಕತ್ತಲೆ ಕೋಣೆಯ ಟ್ರಂಕಿನಲ್ಲಿಟ್ಟಳು. ಮನೆಯಲ್ಲಿ ಅಷ್ಟು ತಂಪಾದ ಮೂಲೆ ಇನ್ನೊಂದಿಲ್ಲ. ನವರಾತ್ರಿಯ ಗೊಂಬೆಗಳು ವರ್ಷವಿಡೀ ಸುಖವಾಗಿ ಮಲಗುವ ಟ್ರಂಕು ಅದು. ಅವಕ್ಕಾಗುವ ಜಾಗ ಇದಕ್ಕಾಗದೇ ಎಂದುಕೊಂಡಳು. ಪಂಚಾಂಗ ನೋಡಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ಅಕ್ಕ ಟ್ರಂಕು ತೆಗೆದಳು.

ನಮ್ಮದು ಕುಂಭಕೋಣಂ ಕಡೆಯಿಂದ ಬಂದ ಮಾಧ್ವರ ಮನೆ. ಭಾಷೆ ಕನ್ನಡ, ನಡುನಡುವೆ ತಮಿಳು, ಹಬ್ಬಕ್ಕೆ ತಮಿಳುನಾಡಿನ ಅಡುಗೆ. ಪ್ರತಿ ನವರಾತ್ರಿಗೂ ಮೆಟ್ಟಿಲ ಮೇಲೆ, ನಮ್ಮ ಮಾತಿನಲ್ಲಿ ಪಡಿಯ ಮೇಲೆ, ಒಂದಾದರೂ ಹೊಸ ಗೊಂಬೆ ಕೂರಬೇಕೆಂಬುದು ಪದ್ಧತಿ. ಮನೆಯಲ್ಲೇ ಗೊಂಬೆ ಮಾಡುವ ಮಗಳಿರುವಾಗ ಬೀದಿಯಲ್ಲಿ ಯಾಕೆ ಕೊಳ್ಳಬೇಕೆಂದು ಅಕ್ಕ ಪ್ರತಿ ವರ್ಷ ಕೇಳುವುದೂ, ನಾನು ಗೊಂಬೆ ಮಾಡಲ್ಲಮ್ಮಾ ಎಂದು ವೃಂದಾ ಸಿಡುಕುವುದೂ ಪದ್ಧತಿಯ ಭಾಗವೇ ಆಗಿಹೋಗಿತ್ತು. ಈ ವರ್ಷ ಟ್ರಂಕು ತೆಗೆದರೆ ಮೇಲುಗಡೆಯೇ, ಪಂಚೆಯಲ್ಲಿ ಸುತ್ತಿದ, ಕೈಯಿಂದ ಮಾಡಿದ, ಹೊಸದು. ಹೇಳದೆ ಕೇಳದೆ ತಂದಿಟ್ಟಿದ್ದಾಳೆ ಎಂದರೆ ಬಾಯಿಬಿಟ್ಟು ಕೊಡಲು ನಾಚಿಕೆ ಎಂದೇ ಅರ್ಥ ಅಲ್ಲವೇ.

ಬಟ್ಟೆ ಇಲ್ಲದ್ದು ಅಕ್ಕನ ಮನಸ್ಸಿಗೆ ತಟ್ಟಲೇ ಇಲ್ಲ. ಮೆಟ್ಟಿಲ ಮೇಲೆ ಎಲ್ಲಕ್ಕಿಂತ ಮೊದಲು ಕೂರುವ ಮರಪ್ಪಾಚ್ಚಿ, ಆ ಕೆಂಪು ಮರದ ಗಂಡ ಹೆಂಡಿರು, ಟ್ರಂಕಿನಿಂದ ಬರುವುದು ಬತ್ತಲೆಯಾಗಿಯೇ. ವರ್ಷ ವರ್ಷ ಅವರಿಗೆ ಹೊಸ ಬಟ್ಟೆ ತೊಡಿಸುವುದು ಮನೆಯವರ ಕೆಲಸ. ಗೊಂಬೆ ಬತ್ತಲೆಯಾಗಿದ್ದರೆ ಮಾಡಿದವರು ಮರ್ಯಾದಸ್ಥರು, ಬಟ್ಟೆಯ ಆಯ್ಕೆ ನಮಗೆ ಬಿಟ್ಟಿದ್ದಾರೆ ಎಂದು ಅರ್ಥ. ಅಕ್ಕ ತನ್ನ ಹಳೇ ಕುಪ್ಪಸದ ಜರಿ ಅಂಚು ಕತ್ತರಿಸಿ ಒಂದು ಪುಟ್ಟ ರೇಷ್ಮೆ ಲಂಗ ಹೊಲಿದಳು. ಸೊಂಟಕ್ಕೆ ಬಿಗಿದು, ಹಣೆಗೆ ಕುಂಕುಮವಿಟ್ಟು, ಮೂರನೇ ಮೆಟ್ಟಿಲಿನಲ್ಲಿ ದಶಾವತಾರದ ಸೆಟ್ಟಿಗೂ ಅಂಗಡಿ ಇಟ್ಟ ಚೆಟ್ಟಿಯಾರ್ ದಂಪತಿಗೂ ನಡುವೆ ಕೂರಿಸಿದಳು. ಗೊಂಬೆಯ ಮೆಟ್ಟಿಲಲ್ಲಿ ಅಳತೆಗೆ ಕಾನೂನಿಲ್ಲ. ಚೆಟ್ಟಿಯಾರ್ ಪಕ್ಕದ ಗೋಪುರಕ್ಕಿಂತ ಎತ್ತರ, ವಾಮನ ಆನೆಗಿಂತ ದಪ್ಪ. ಆ ಗುಂಪಿನಲ್ಲಿ ನಮ್ಮ ಗೇಣುದ್ದದ ಹೆಂಗಸು ಮೊದಲಿನಿಂದ ಇದ್ದವಳಂತೆ ಒಗ್ಗಿಕೊಂಡಳು.

ಪಾಡ್ಯದ ಸಂಜೆ ವೃಂದಾ ಬಂದಳು. ನಾನು ಅಲ್ಲೇ ಕೂತು ಕಡಲೆ ಉಸಲಿ ತಿನ್ನುತ್ತಿದ್ದೆ. ಅವಳು ಮೆಟ್ಟಿಲ ಕಡೆ ನೋಡಿದಳು, ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಎದುರು ಮನೆಯ ವಾಸಂತಿಯ ಕೈ ಹಿಡಿದು ತಂದು ತೋರಿಸಿದಳು.

"ಇವಳೇ ಮಾಡಿದ್ದು, ನಮ್ಮ ಪಡಿಗೇಂತ. ಇಷ್ಟು ವರ್ಷ ಕೇಳಿ ಕೇಳಿ ಈಗ ಮನಸ್ಸು ಬಂತು, ಪಾವಂ."

ವಾಸಂತಿ ಕೈ ಮುಗಿದಳು. ಮೆಟ್ಟಿಲು ಏರಿದ ಮೇಲೆ ಎಲ್ಲಕ್ಕೂ ಕೈ ಮುಗಿಯುತ್ತಾರೆ, ನಮ್ಮ ಮನೆಯ ಮಣ್ಣಿನ ಕ್ರಿಕೆಟ್ ತಂಡಕ್ಕೂ ಅದು ಸಲ್ಲುತ್ತದೆ. ತನ್ನ ಮೇಣದ ಮೈಗೆ ಒಬ್ಬರು ನಮಸ್ಕಾರ ಮಾಡುವುದನ್ನು ನೋಡಿದ ವೃಂದಾ ತೆರೆದ ಬಾಯಿ ಮುಚ್ಚಿದಳು. ಅಕ್ಕನ ಮುಖದಲ್ಲಿ ಅಂಥ ಸಂತೋಷವನ್ನು ಅವಳೂ ನೋಡಿ ಬಹಳ ಕಾಲವಾಗಿತ್ತು.

ಆಮೇಲೆ ನನ್ನನ್ನು ಬಾಲ್ಕನಿಗೆ ಎಳೆದೊಯ್ದು ಆ ತುದಿಯಿಂದ ಈ ತುದಿಗೆ ನಡೆಯತೊಡಗಿದಳು. ಅಲ್ಲಿ ಒಟ್ಟು ನಾಲ್ಕು ಹೆಜ್ಜೆಯ ಜಾಗ, ಅದರಲ್ಲಿ ತುಳಸಿ ಕುಂಡವೂ ಇದೆ.

"ಮಾಮಾ, ನೀವೇ ಹೇಳಿ ಅಮ್ಮಂಗೆ. ಶುಕ್ರವಾರ ವ್ಯಾನ್ ಬರತ್ತೆ. ನಂಗೆ ಹೇಳಕ್ಕೆ ಮುಡಿಯಲ್ಲ, ಆಗಲ್ಲ."

ನಾನು ಸುತ್ತುಬಳಸಿ ಕೇಳಿದೆ. ಒಂದು ವೇಳೆ ಯಾವುದಾದರೂ ಗೊಂಬೆಯನ್ನು ನಡುವೆ ಎತ್ತಬೇಕಾಗಿ ಬಂದರೆ ಎಂದೆ. ಕೂರಿಸಿದ ಗೊಂಬೆ ವಿಜಯದಶಮಿಯ ರಾತ್ರಿ ಶಾಸ್ತ್ರಕ್ಕೆ ಒಂದನ್ನು ಮಲಗಿಸುವವರೆಗೂ ಕದಲಬಾರದು, ದಸರೆ ಮುಗಿಯುವ ಮುಂಚೆ ಗೊಂಬೆ ಎದ್ದರೆ ಮನೆಯ ಲಕ್ಷಣವೇ ಎದ್ದು ಹೋದ ಹಾಗೆ ಎಂದು ಅಕ್ಕ ಹಪ್ಪಳ ತಿರುವುತ್ತಲೇ ಹೇಳಿದಳು. ಒಂದು ವರ್ಷ ಇಲಿ ಓಡಿ ಕೃಷ್ಣನ ಕೈ ಮುರಿದಾಗಲೂ ಕೃಷ್ಣನನ್ನು ಎತ್ತಲಿಲ್ಲ, ಮುರಿದ ಕೈಯನ್ನು ಪಕ್ಕದಲ್ಲಿಟ್ಟು ಅದಕ್ಕೂ ಆರತಿ ಮಾಡಿದೆವು ಎಂದು ನೆನಪಿಸಿದಳು. ನಾನು ಇನ್ನೊಂದು ಹಪ್ಪಳ ತೆಗೆದುಕೊಂಡು ಹೊರಗೆ ಬಂದೆ. ವಿಮೆಯವನಿಗೆ ಗೊತ್ತಿರುತ್ತದೆ, ಕೆಲವು ಪಾಲಿಸಿಗಳಲ್ಲಿ ಸಂದು ಇರುವುದಿಲ್ಲ.

ಭಾವನ ಚಿಂತೆ ಬೇರೆ. ಸುದ್ದಿ ಕೇಳಿದವರೇ ಗೋಡೆಗೆ ನೇತುಹಾಕುವ ಥರ್ಮಾಮೀಟರ್ ತಂದು ಮತ್ಸ್ಯಾವತಾರಕ್ಕೆ ಒರಗಿಸಿಟ್ಟರು.

"ಕರಗೋದು ಬೇರೆ, ಸೋಲೋದು ಬೇರೆ," ಎಂದರು. "ಇದು ಕರಗಲ್ಲ. ಆದ್ರೆ ದೀಪದ ಕಾವಿಗೆ ಸೋತು ಕೂತುಬಿಡತ್ತೆ."

ಆದ್ದರಿಂದ ತುಪ್ಪದ ದೀಪ ನೆಲಕ್ಕಿಳಿಯಿತು, ಬಣ್ಣದ ಬಲ್ಬುಗಳ ಸರ ಕಿಟಕಿಗೆ ಹೋಯಿತು, ಹಾಲಿನ ಎ.ಸಿ. ಹಗಲಿಡೀ ಓಡತೊಡಗಿತು. ಯಾಕೆಂದು ಅಕ್ಕ ಕೇಳಿದ್ದಕ್ಕೆ, ಮಗಳು ಮಾಡಿದ್ದು ಕೆಡಬಾರದಲ್ಲ ಎಂದು ಭಾವ ನಿಜವನ್ನೇ ಹೇಳಿದರು. ಅಕ್ಕನಿಗೆ ಇನ್ನಷ್ಟು ಸಂತೋಷ. ಇದರಿಂದಾದ ಅನಾಹುತವೆಂದರೆ, ಗೊಂಬೆ ನೋಡಿ ತಾಂಬೂಲ ತಗೊಂಡು ಹತ್ತು ನಿಮಿಷಕ್ಕೆ ಏಳಬೇಕಾದ ಹೆಂಗಸರು ಚೆನ್ನೈನ ಆ ಸೆಕೆಯಲ್ಲಿ ಎ.ಸಿ. ಸಿಕ್ಕ ಮೇಲೆ ಏಳುವುದನ್ನೇ ಮರೆತರು. ಒಂದು ಹಾಡಿನವರು ಮೂರು ಹಾಡಿದರು. ಉಸಲಿ ಎರಡು ಸಲ ಮಾಡಬೇಕಾಯಿತು. ಬೀದಿಯಲ್ಲಿ ನಮ್ಮ ಮನೆಯ ಗೊಂಬೆಗೆ ಇದ್ದಕ್ಕಿದ್ದಂತೆ ಹೆಸರು ಬಂತು.

ವೃಂದಾ ಮಾತ್ರ ಆ ತಂಪಿನಲ್ಲಿ ಬೇಯುತ್ತಿದ್ದಳು. ಬೆಳಗ್ಗೆ ಕ್ರೋಂಪೇಟೆಗೆ ಓಡುವುದು, ಸಂಜೆ ವಾಪಸು ಬಂದು ಬಚ್ಚಲಿಗೆ ಹೋಗಿ ಒದ್ದೆ ಕೂದಲಲ್ಲೇ ಮೆಟ್ಟಿಲ ಮುಂದೆ ನಿಂತು ತನ್ನ ಕುತ್ತಿಗೆ ವಾಲಿದೆಯೇ ಎಂದು ನೋಡುವುದು. ಅಚ್ಚು ಇದೆಯಲ್ಲ, ಇನ್ನೊಂದು ಹೊಯ್ಯಬಾರದೇ ಎಂದು ನಾನು ಕೇಳಿದ್ದೆ. ಹೊಯ್ದಳು. ಮಣಲಿಯ ಮೇಣ ಮುಗಿದಿತ್ತು, ಪ್ಯಾರೀಸ್ ಕಾರ್ನರಿನ ಅಂಗಡಿಯಿಂದ ಬೇರೆ ಮೇಣ ತಂದು ಮಾಡಿದಳು. ಬೆಳ್ಳಗೆ, ವಾಸನೆಯಿಲ್ಲದೆ, ಹುಟ್ಟುಹಬ್ಬದ ಕೇಕಿನ ಮೇಲೆ ಚುಚ್ಚಬಹುದಾದ ವೃಂದಾ ಹೊರಗೆ ಬಂತು. ಮೂಗು ಕಣ್ಣು ಎಲ್ಲ ಸರಿಯಾಗಿದೆ, ನಾನೇ ಇಲ್ಲ ಎಂದಳು. ಅದನ್ನು ಮತ್ತೆ ಪಾತ್ರೆಗೆ ಹಾಕಿ ಕರಗಿಸಿದಳಂತೆ.

ಗುರುವಾರ ಧೈರ್ಯ ಮಾಡಿ ನಂದಿತಾಗೆ ಫೋನು ಮಾಡಿ ಇದ್ದದ್ದನ್ನು ಹೇಳಿದಳು. ಪ್ರದರ್ಶನ ಮುಂದೆ ಹೋಗುವುದಿಲ್ಲ, ನಾಳೆ ನಾನೇ ಬಂದು ನೋಡುತ್ತೇನೆ ಎಂದು ಆಕೆ ಫೋನಿಟ್ಟಳು.

ಶುಕ್ರವಾರ ಲಲಿತಾ ಪಂಚಮಿ. ಹಾಲ್ ತುಂಬ ಹೆಂಗಸರು. ವ್ಯಾನನ್ನು ಬೀದಿಯ ತುದಿಯಲ್ಲಿ ಬಿಟ್ಟು ನಂದಿತಾ ನಡೆದು ಬಂದಳು. ಕತ್ತರಿಸಿದ ಕೂದಲು, ಕೈಮಗ್ಗದ ಸೀರೆ, ಕಿವಿಯಲ್ಲಿ ತಲಾ ಒಂದು ಹಿತ್ತಾಳೆಯ ತಟ್ಟೆ. ಅಕ್ಕ ಆಕೆಯನ್ನು ಗೊಂಬೆ ನೋಡಲು ಬಂದ ಮುತ್ತೈದೆ ಎಂದೇ ತಿಳಿದು ಕುಂಕುಮ ಕೊಟ್ಟು, ತಟ್ಟೆಯಲ್ಲಿ ಉಸಲಿ ಕೊಟ್ಟು, ಒಂದು ಹಾಡು ಹೇಳಬೇಕೆಂದಳು. ನಂದಿತಾ ಹಾಡಿದಳು ಕೂಡ. ಆದರೆ ಅವಳ ಕಣ್ಣು ಮೂರನೇ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಹಾಡು ಮುಗಿದದ್ದೇ ಎದ್ದು, ಮೆಟ್ಟಿಲ ಎದುರು ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಇದೇ ವರ್ಕು," ಎಂದಳು ವೃಂದಾಗೆ, ತಮಿಳಿನಲ್ಲಿ. "ಲಂಗ, ಕುಂಕುಮ, ಥರ್ಮಾಮೀಟರ್, ಎಲ್ಲಾ. ಒಂದನ್ನೂ ತೆಗೀಬೇಡ. ಈ ಮೆಟ್ಟಿಲನ್ನೇ ಪೂರ್ತಿ ಗ್ಯಾಲರಿಗೆ ತಗೊಂಡು ಹೋಗೋಣ."

ಮೆಟ್ಟಿಲನ್ನು ಪೂರ್ತಿ ಎತ್ತುವ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದದ್ದಲ್ಲ.

ಇಲ್ಲಿ ವೃಂದಾ ಹೂಂ ಎಂದಿದ್ದರೆ ಅವಳ ಕೆಲಸ ಸುಲಭವಾಗುತ್ತಿತ್ತೋ ಏನೋ. ಅಮ್ಮನ ಭಕ್ತಿಯನ್ನೇ ತನ್ನ ಕಲೆಯ ಸಾಮಗ್ರಿ ಮಾಡಿಕೊಂಡರೆ ಬರೆಯುವವರು ಚೆನ್ನಾಗಿಯೇ ಬರೆಯುತ್ತಿದ್ದರು. ಅವಳು ಬೇಡವೆಂದಳು. ಮೆಟ್ಟಿಲು ಅಮ್ಮನದು, ಲಂಗ ಅಮ್ಮನದು, ಅವು ನನ್ನ ಹೆಸರಿನಲ್ಲಿ ಹೋಗಲ್ಲ, ನನ್ನದು ಆ ಮೈ ಒಂದೇ ಎಂದಳು. ಆಮೇಲೆ ಅಷ್ಟೂ ದಿನ ನುಂಗಿಕೊಂಡಿದ್ದನ್ನು ತಾಯಿಯ ಕಡೆ ತಿರುಗಿ ಹೇಳಿದಳು.

"ಅಮ್ಮಾ, ಅದು ಪಡಿಗೇಂತ ಮಾಡಿದ್ದಲ್ಲ. ಅದು ಗೊಂಬೆ ಅಲ್ಲ. ಅದು ನಾನು."

ಅಕ್ಕ ಉಸಲಿಯ ಸೌಟನ್ನು ಪಾತ್ರೆಯೊಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು.

"ನೀನೂಂತ ಗೊತ್ತಿಲ್ವಾ ನಂಗೆ? ಎಡ ಮೊಣಕಾಲಲ್ಲಿ ಆ ಗೆರೆ ಇದೆಯಲ್ಲ, ಕಪಾಲಿ ಗುಡಿ ಕೊಳದ ಮೆಟ್ಟಿಲಲ್ಲಿ ಬಿದ್ದದ್ದು. ಅರಿಶಿನ ಹಚ್ಚಿದೋಳು ನಾನು. ಲಂಗ ಹೊಲಿಯೋವಾಗ್ಲೇ ನೋಡ್ದೆ." ಮೆಟ್ಟಿಲ ಕಡೆ ನೋಡಿ, "ಪಡಿಗೇಂತ ಅಲ್ಲ ಅನ್ನೋದು ಗೊತ್ತಿರಲಿಲ್ಲ," ಎಂದಳು.

ವೃಂದಾ ನಡೆಯಲು ಹೊರಟಳು, ಹೆಂಗಸರು ತುಂಬಿದ್ದ ಹಾಲಿನಲ್ಲಿ ಹೆಜ್ಜೆ ಇಡಲು ಜಾಗವಿಲ್ಲದೆ ಅಲ್ಲೇ ನಿಂತಳು. ನಂದಿತಾ ಗಡಿಯಾರ ನೋಡಿಕೊಂಡಳು. ಭಾವ ಥರ್ಮಾಮೀಟರ್ ನೋಡಿದರು.

ಅಕ್ಕ ಮೆಟ್ಟಿಲ ಹತ್ತಿರ ಹೋದಳು. ಹೋಗುತ್ತಲೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ, ಏಕೆಂದರೆ ತಲುಪುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು. ಸಂದಿಲ್ಲದ ಪಾಲಿಸಿ ಎಂದು ನಾನು ತಿಳಿದಿದ್ದೆ. ಆಚಾರ ಗಟ್ಟಿಯಾಗಿ ಪಾಲಿಸುವವರಿಗೆ ಅದರ ಸಂದು ಎಲ್ಲಿದೆ ಎಂಬುದೂ ಗೊತ್ತಿರುತ್ತದೆ.

"ಗೊಂಬೆ ಆದ್ರೆ ಏಳಬಾರದು," ಎಂದಳು. "ಮಗಳಾದ್ರೆ ಏಳಬಹುದು. ಮನುಷ್ಯರು ಒಂಬತ್ತು ದಿನ ಕೂತಲ್ಲೇ ಕೂತಿರ್ತಾರಾ? ಹೊರಗೆ ಕೆಲಸ ಇದ್ರೆ ಹೋಗಬೇಕು. ಹೋಗಲಿ."

ಒಂದು ಎಲೆ ಅಡಿಕೆ, ಒಂದು ಕುಪ್ಪಸದ ಕಣ, ಒಂದು ತೆಂಗಿನಕಾಯಿ ತಟ್ಟೆಯಲ್ಲಿಟ್ಟು, ಊರಿಗೆ ಹೊರಟ ಮಗಳಿಗೆ ಕೊಡುವಂತೆ ಆ ಗೇಣುದ್ದದವಳ ಮುಂದೆ ಹಿಡಿದಳು. ಮೇಣದ ಕೈ ಕುತ್ತಿಗೆಯ ಹಿಂದಿತ್ತಾದ್ದರಿಂದ ಅವಳ ಪರವಾಗಿ ನಂದಿತಾ ತೆಗೆದುಕೊಂಡಳು. ವೃಂದಾ ಎರಡೂ ಕೈಯಲ್ಲಿ ತನ್ನನ್ನು ಎತ್ತಿಕೊಂಡು, ಎಲ್ಲರ ಎದುರಿಗೇ, ತಾಯಿಯ ಮುಖ ನೋಡುತ್ತ ಲಂಗದ ಗಂಟು ಬಿಚ್ಚಿದಳು. ಅಕ್ಕ ಲಂಗವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎ.ಸಿ. ಎಷ್ಟೇ ಓಡಿದ್ದರೂ ಮೇಣ ಒಂದಿಷ್ಟು ಮೆತ್ತಗಾಗಿತ್ತು. ಜರಿಯ ನೇಯ್ಗೆ ಸೊಂಟದ ಸುತ್ತ ಎಳೆ ಎಳೆಯಾಗಿ ಅಚ್ಚೊತ್ತಿ ಕೂತಿತ್ತು. ಹಣೆಯ ಕುಂಕುಮವನ್ನು ವೃಂದಾ ಹೆಬ್ಬೆರಳಿನಿಂದ ಒರೆಸಿದಳು. ಹೋಗಲಿಲ್ಲ, ಒಳಕ್ಕಿಳಿದಿತ್ತು. ತಿದ್ದುವ ಚೂರಿ ಅವಳ ಚೀಲದಲ್ಲೇ ಇತ್ತು. ಚೀಲದ ಜಿಪ್ಪು ಎಳೆದಳು, ಒಂದು ಕ್ಷಣ ಬಿಟ್ಟು ಮತ್ತೆ ಮುಚ್ಚಿದಳು.

ಹಾಗೇ ಹೊರಡುತ್ತಿದ್ದಳು. ಚಪ್ಪಲಿಗೆ ಒಂದು ಕಾಲು ತೂರಿಸಿಯೂ ಆಗಿತ್ತು.

"ನೀನೆಲ್ಲಿಗೆ ಡೀ?" ಎಂದಳು ಅಕ್ಕ.

ವೃಂದಾ ವ್ಯಾನಿನ ಕಡೆ ಕೈ ತೋರಿಸಿದಳು. ನಾಳೆ ಉದ್ಘಾಟನೆ, ಇವತ್ತು ಜೋಡಿಸಬೇಕು ಎಂದಳು.

"ಅದು ನೀನೇ ತಾನೇ? ಅದು ಅಲ್ಲಿ ಇದ್ದ ಮೇಲೆ ನೀನು ಯಾಕೆ ಅಲ್ಲಿ? ಕೂರಿಸಿದ ಜಾಗ ಖಾಲಿ ಬಿಡಬಾರದು. ವಿಜಯದಶಮಿವರೆಗೂ ಸಂಜೆ ಹೊತ್ತು ನೀನು ಇಲ್ಲಿ ಕೂತ್ಕೋ."

ನಾನು ವಾದ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಇಂಥ ಷರತ್ತನ್ನು ಯಾವ ಪಾಲಿಸಿಯಲ್ಲೂ ಕಂಡಿಲ್ಲ. ವೃಂದಾ ನಂದಿತಾಳ ಕಡೆ ನೋಡಿದಳು. ನಂದಿತಾ ತೆಂಗಿನಕಾಯಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು, ನಗು ತಡೆಯುತ್ತಿದ್ದಳೆಂದು ನನ್ನ ಗುಮಾನಿ. ವೃಂದಾ ಮೇಣದವಳನ್ನು ಪಂಚೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಳು. ಹೇಗೆ ಹಿಡಿಯಬೇಕು, ಯಾವ ದೀಪದ ಕೆಳಗೆ ಇಡಬಾರದು, ಪೀಠ ಎದೆಯ ಮಟ್ಟಕ್ಕಿಂತ ಕೆಳಗಿರಬೇಕು ಎಂದು ಮೂರು ಸಲ ಹೇಳಿದಳು. ಚಪ್ಪಲಿಯಿಂದ ಕಾಲು ತೆಗೆದಳು.

ಶನಿವಾರ ಅವಳ ಪರವಾಗಿ ಉದ್ಘಾಟನೆಗೆ ಹೋದವನು ನಾನು. ದೊಡ್ಡ ದೊಡ್ಡವರು ತಂತಮ್ಮ ಪ್ರತಿಮೆಗಳ ಪಕ್ಕದಲ್ಲೇ ನಿಂತು, ಹೋಲಿಕೆಗೆ ಸಹಾಯ ಮಾಡುತ್ತಿದ್ದರು. ಒಬ್ಬ ತನ್ನನ್ನು ಕಬ್ಬಿಣದ ಗುಜರಿಯಲ್ಲಿ ಸೂರಿನವರೆಗೆ ಕಟ್ಟಿದ್ದ. ಜನ ಅದರ ಮುಂದೆ ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಿದ್ದರು. ಮೂಲೆಯ ತಗ್ಗು ಪೀಠದ ಹತ್ತಿರ ಮಾತ್ರ ಬಂದವರೆಲ್ಲ ಬಗ್ಗುತ್ತಿದ್ದರು. ಬಗ್ಗಿದವರು ಸೊಂಟದ ಸುತ್ತಲಿನ ಜರಿಯ ಗೆರೆಯನ್ನು ನೋಡಿ ಇನ್ನಷ್ಟು ಬಗ್ಗುತ್ತಿದ್ದರು. ಕಲಾವಿದೆ ಎಲ್ಲಿ ಎಂದು ಒಬ್ಬರು ಕೇಳಿದರು. ಮನೆಯಲ್ಲಿ ಕೂತಿದ್ದಾಳೆ ಎಂದೆ. ಅದನ್ನು ಆಳವಾದ ಮಾತೆಂದು ತಿಳಿದು ಅವರು ತಲೆಯಾಡಿಸಿದರು.

ವಾಪಸು ಬಂದಾಗ ಹಾಲಿನಲ್ಲಿ ಇನ್ನೂ ಜನವಿತ್ತು. ಮೇಣ ಹೋದ ಮೇಲೂ ಎ.ಸಿ. ನಿಲ್ಲಿಸಲಾಗಿರಲಿಲ್ಲ, ಬಂದವರಿಗೆ ಅಭ್ಯಾಸವಾಗಿತ್ತು. ಮೂರನೇ ಮೆಟ್ಟಿಲಿನಲ್ಲಿ ಚೆಟ್ಟಿಯಾರ್ ಪಕ್ಕದ ಜಾಗ ಹಾಗೇ ಇತ್ತು, ಅದರ ನೇರಕ್ಕೆ ಕೆಳಗೆ ಮಣೆಯ ಮೇಲೆ ವೃಂದಾ ಕೂತಿದ್ದಳು. ಅಕ್ಕನ ರೇಷ್ಮೆ ಸೀರೆ, ಹಣೆಯಲ್ಲಿ ಕುಂಕುಮ. ಸಂಜೆಯಿಂದ ಏಳಲಿಲ್ಲ ಎಂದು ಭಾವ ನನ್ನ ಕಿವಿಯಲ್ಲಿ ಹೇಳಿದರು, ಡಿಗ್ರಿ ಹೇಳುವ ಅದೇ ದನಿಯಲ್ಲಿ.

"ಹೇಗಿದೆ ಮಾಮಾ?" ಎಂದಳು.

"ಎಲ್ಲರೂ ಬಗ್ಗಿ ನೋಡ್ತಾರೆ," ಎಂದೆ. "ನಿನಗಿಂತ ನೆಮ್ಮದಿಯಾಗಿ ಕೂತಿದೆ."

ಅವಳು ಎದ್ದು ಬರುವವಳಂತೆ ಒಂದು ಮೊಣಕಾಲೆತ್ತಿದಳು. ಒಂದು ಕೈ ತಾನೇ ಕುತ್ತಿಗೆಯ ಹಿಂದಕ್ಕೆ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಉಸಲಿಯ ಪಾತ್ರೆ ಹಿಡಿದು ಅವಳನ್ನೇ ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಹೊರಗೆ ಯಾರೋ ಚಪ್ಪಲಿ ಬಿಡುವ ಸದ್ದಾಯಿತು. ವೃಂದಾ ಮೊಣಕಾಲು ಇಳಿಸಿ, ಬಂದವರ ಕಡೆಗೆ ಕುಂಕುಮದ ಬಟ್ಟಲು ಚಾಚಿದಳು, ಕೂತಲ್ಲಿಂದಲೇ.